ಕೋಟಿನ ಜೇಬಿನ ಅಣ್ಣಂದಿರು

ನಮ್ಮ ದೊಡ್ಡಮ್ಮನಿಗೆ ವಯಸ್ಸಾದದ್ದು ಒಂದು ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆ ಸುಮಾರಿಗೆ. ಅದಕ್ಕೆ ಮುಂಚೆ ಆಗಿರಲಿಲ್ಲ. ಭಾನುವಾರ ಸಂಜೆಯ ತನಕ ಅವಳು ಐವತ್ತೆರಡು ವರ್ಷದ ಗಟ್ಟಿ ಹೆಂಗಸು. ಮೂರು ಮಹಡಿ ಹತ್ತಿ ಒಗೆದ ಬಟ್ಟೆ ಹರವಿ, ಇಳಿದು ಬರುವಾಗ ಕೆಳಗಿನ ಮನೆಯವರ ಜೊತೆ ಒಂದು ಜಗಳವನ್ನೂ ಮುಗಿಸಿಕೊಂಡು ಬರುವಂಥವಳು. ಸೋಮವಾರ ಹನ್ನೊಂದಕ್ಕೆ ಮುದುಕಿ. ಅದು ಹೇಗಾಯಿತು ಅಂತ ಹೇಳಬೇಕಾದರೆ ಮೊದಲು ಅವಳ ಕೆಲಸ ಹೇಳಬೇಕು, ಆಮೇಲೆ ಅವಳ ಅಣ್ಣಂದಿರ ವಿಷಯ ಹೇಳಬೇಕು.

ಕೆಲಸ ಕಾಜಾ ಹಾಕುವುದು. ಅಂಗಿಯಲ್ಲಿ ಗುಂಡಿ ತೂರಿಸಲು ಒಂದು ಸೀಳು ಕೊಡುತ್ತಾರಲ್ಲ, ಅದರ ಅಂಚು ಪಿಸಿಯದ ಹಾಗೆ ದಾರ ಸುತ್ತಿ ಸುತ್ತಿ ಹೊಲಿಯುವುದಕ್ಕೆ ಕಾಜಾ ಅನ್ನುತ್ತಾರೆ. ನೋಡುವವರಿಗೆ ಅದೊಂದು ಕೆಲಸವೇ ಅಲ್ಲ. ಬಟ್ಟೆ ಆರಿಸಿದವನಿಗೆ ಹೊಗಳಿಕೆ, ಕತ್ತರಿಸಿದ ಮಾಸ್ತರಿಗೆ ಹೊಗಳಿಕೆ. ಕಾಜಾದ ನೆನಪು ಯಾರಿಗೂ ಬರುವುದಿಲ್ಲ, ಅದು ಕಿತ್ತುಹೋಗುವ ತನಕ. ದೊಡ್ಡಮ್ಮ ಹಾಕಿದ್ದು ಕಿತ್ತುಹೋಗುತ್ತಲೇ ಇರಲಿಲ್ಲ. ಹಾಗಾಗಿ ಅವಳ ನೆನಪು ಗಿರಾಕಿಗಳಲ್ಲಿ ಒಬ್ಬರಿಗೂ ಬರುತ್ತಿರಲಿಲ್ಲ. ಅದೇ ಅವಳ ಹೆಮ್ಮೆ.

ದರ್ಜಿ ಅಂಗಡಿ ಇದ್ದದ್ದು ಒಂದು ಗಲ್ಲಿಯ ತಿರುವಿನಲ್ಲಿ. ಮುಂದಿನ ಕೋಣೆಯಲ್ಲಿ ಮಾಸ್ತರು, ಅವರ ಹೊಲಿಗೆ ಮಷೀನು, ಬಟ್ಟೆ ಕತ್ತರಿಸುವ ಮೇಜು, ಗೋಡೆಗೆ ಒರಗಿಸಿದ ಉದ್ದ ಕನ್ನಡಿ. ಪರದೆ ಸರಿಸಿ ಒಳಗೆ ಹೋದರೆ ಒಂದೇ ಕಿಟಕಿಯ ಚಿಕ್ಕ ಕೋಣೆ. ಕಿಟಕಿಯ ಕೆಳಗೆ ದೊಡ್ಡಮ್ಮನ ಗಿಡ್ಡ ಸ್ಟೂಲು, ಪಕ್ಕದಲ್ಲಿ ದಾರದ ಉಂಡೆಗಳ ಡಬ್ಬಿ, ತಲೆಯ ಮೇಲಿನ ಹಲಗೆಯಲ್ಲಿ ಒಂದು ಟೇಪ್ ರೆಕಾರ್ಡರು. ಮಾಸ್ತರು ಒಳ್ಳೆಯವರು, ಆದರೆ ಇಡೀ ದಿನ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿರುತ್ತಿದ್ದರು. ಯಾರು ಏನು ಕೇಳಿದರೂ "ಹ್ಞೂಂ". ಅದು ಹೌದೋ ಅಲ್ಲವೋ, ಕೇಳಿದವರ ಹಣೆಬರಹ.

ಇನ್ನು ಅಣ್ಣಂದಿರು. ದೊಡ್ಡಮ್ಮನಿಗೆ ಒಡಹುಟ್ಟಿದ ಅಣ್ಣಂದಿರಿಲ್ಲ. ಇದ್ದವಳು ನನ್ನ ಅಮ್ಮ, ಒಬ್ಬಳೇ ತಂಗಿ. ಅಣ್ಣಂದಿರು ಬಂದದ್ದು ಕೋಟಿನ ಜೇಬಿನಿಂದ.

ದೊಡ್ಡಮ್ಮನಿಗೆ ಆಗ ಇಪ್ಪತ್ತೇಳು. ಒಬ್ಬ ಮನುಷ್ಯ ಕಂದು ಬಣ್ಣದ ಕೋಟು ತಂದು, ಕಾಲರಿನ ಮೇಲೆ ಹೂ ಸಿಕ್ಕಿಸಿಕೊಳ್ಳಲು ಒಂದು ಕಾಜಾ ಬೇಕು, ಸಂಜೆ ಬರ್ತೀನಿ ಅಂದ. ಆ ಸಂಜೆ ಇನ್ನೂ ಆಗಿಲ್ಲ. ಕೋಟು ಈಗಲೂ ಅಂಗಡಿಯಲ್ಲಿ ತೂಗುತ್ತಿದೆ. ಇಸ್ತ್ರಿ ಹಾಕುವ ಮುಂಚೆ ಜೇಬು ತಡಕುವುದು ದರ್ಜಿಗಳ ಅಭ್ಯಾಸ. ದೊಡ್ಡಮ್ಮ ತಡಕಿದಾಗ ಒಳಜೇಬಿನಲ್ಲಿ ಒಂದು ಕ್ಯಾಸೆಟ್ ಸಿಕ್ಕಿತು. ಮೇಲೆ ಹೆಸರಿಲ್ಲ, ಚಿತ್ರವಿಲ್ಲ. ಪೆನ್ಸಿಲಿನಲ್ಲಿ "ಎರಡನೆಯದು" ಅಂತ ಬರೆದಿತ್ತು, ಅಷ್ಟೆ. ಒಂದು ವಾರ ಕಾದಳು, ಎರಡು ವಾರ ಕಾದಳು. ಆ ತಿಂಗಳೇ ಮಾಸ್ತರು, ಮನೆ ಖಾಲಿ ಮಾಡಿ ಹೋಗುತ್ತಿದ್ದ ಯಾರಿಂದಲೋ ಆ ಟೇಪ್ ರೆಕಾರ್ಡರ್ ತಂದಿದ್ದರು. ಅದರ ರೇಡಿಯೋ ಸತ್ತಿತ್ತು. ಕ್ಯಾಸೆಟ್ ಮಾತ್ರ ತಿರುಗುತ್ತಿತ್ತು.

"ಮಾಸ್ತರೇ, ಇದ್ರಲ್ಲಿ ಏನಿದೆ ಅಂತ ಹಾಕಿ ನೋಡ್ಲಾ?"

"ಹ್ಞೂಂ."

ಹಾಕಿದಳು. ಇಬ್ಬರು ಹಾಡುತ್ತಿದ್ದರು. ಒಬ್ಬನದು ಭಾರದ ದನಿ, ತುಂಬಿದ ಹಂಡೆಯನ್ನು ನೆಲದ ಮೇಲೆ ಮೆಲ್ಲಗೆ ಎಳೆದ ಹಾಗೆ. ಇನ್ನೊಬ್ಬನದು ತುಸು ತೆಳು, ಅಣ್ಣನ ಬೆರಳು ಹಿಡಿದು ಒಂದು ಹೆಜ್ಜೆ ಹಿಂದೆಯೇ ನಡೆಯುವ ತಮ್ಮನ ಹಾಗೆ. ಒಂದು ತಂತಿವಾದ್ಯ, ಒಂದು ಡೋಲು, ಇನ್ನೇನಿಲ್ಲ. ಅವಸರವೆಂಬುದೇ ಇಲ್ಲ. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಸೂಜಿಗೆ ದಾರ ಪೋಣಿಸುವಷ್ಟು ಬಿಡುವು. ದೊಡ್ಡಮ್ಮ ಕೇಳುತ್ತಾ ಕೇಳುತ್ತಾ ಏಳು ಕಾಜಾ ಹಾಕಿ ಮುಗಿಸಿದಳು. ಮಾಸ್ತರು ಅಂಗಿ ಎತ್ತಿ ನೋಡಿ, ಆ ವರ್ಷದಲ್ಲಿ ಮೊದಲ ಸಲ ಬಾಯಿಂದ ಸೂಜಿಗಳನ್ನು ತೆಗೆದರು.

ಗಂಡಸರ ಅಂಗಿಯಾದರೆ ಕಾಜಾ ಎಡಮಗ್ಗುಲಿಗೆ, ಹೆಂಗಸರದಾದರೆ ಬಲಮಗ್ಗುಲಿಗೆ. ಈ ಕಸುಬಿನಲ್ಲಿ ಅದು ಮೊದಲ ದಿನದ ಪಾಠ.

"ಗಂಡಸಿನ ಅಂಗಿಗೆ ಹೆಂಗಸ್ರ ಕಡೆ ಕಾಜಾ ಹಾಕಿದ್ದೀಯಲ್ಲಮ್ಮ! ಏಳಕ್ಕೆ ಏಳೂ! ಏನಾಗಿದೆ ನಿಂಗೆ?"

"ಹಾಡು ಕೇಳ್ತಿದ್ದೆ ಮಾಸ್ತರೇ."

"ಕಿವೀಲಿ ಕೇಳು. ಕೈಗ್ಯಾಕೆ ಕೇಳಿಸ್ತೀಯ?"

ಆ ಅಂಗಿಯ ಮುಂಭಾಗವನ್ನು ಪೂರ್ತಿ ಬಿಚ್ಚಿ ಹೊಸ ಬಟ್ಟೆ ಹಾಕಬೇಕಾಯಿತು. ಆದರೆ ಅಣ್ಣಂದಿರು ಉಳಿದುಕೊಂಡರು. "ಕೋಟಿನಣ್ಣಂದಿರು" ಅಂತಲೇ ದೊಡ್ಡಮ್ಮ ಅವರಿಗೆ ಹೆಸರಿಟ್ಟಳು. ವಾರಕ್ಕೆ ಎರಡೇ ದಿನ, ಸೋಮವಾರ ಮತ್ತು ಗುರುವಾರ, ಒಂದು ಮಗ್ಗುಲು ಮಾತ್ರ ಹಾಕುತ್ತಿದ್ದಳು. ದಿನಾ ಹಾಕಿದರೆ ಅಣ್ಣಂದಿರಿಗೆ ಗಂಟಲು ಕಟ್ಟುತ್ತೆ ಅನ್ನುತ್ತಿದ್ದಳು.

ನಮ್ಮ ಮನೆಗೆ ಬಂದರೆ ಸಾಕು, ಅಣ್ಣಂದಿರ ಸುದ್ದಿ. "ದೊಡ್ಡಣ್ಣ ಸ್ವಲ್ಪ ಮುಂಗೋಪಿ ಕಣೇ, ಆದ್ರೆ ಮನಸ್ಸು ಬೆಣ್ಣೆ. ಚಿಕ್ಕಣ್ಣನಿಗೆ ಇನ್ನೂ ಮದುವೆ ಆಗಿಲ್ಲ ಅನ್ಸುತ್ತೆ." ಅಮ್ಮ ಬಿಡುತ್ತಿರಲಿಲ್ಲ. "ಹೌದೌದು, ಹೆಣ್ಣು ನೋಡೋಕೆ ನಾವೇ ಹೋಗೋಣ. ಕೋಟು ಒಂದು ರೆಡಿ ಇದೆ." ದೊಡ್ಡಮ್ಮನ ಗಂಡ ದೂರದ ಊರಿನ ಕೆಲಸಕ್ಕೆ ಹೋಗಿ ಆರು ತಿಂಗಳು ಸುದ್ದಿಯೇ ಇಲ್ಲದಿದ್ದಾಗ, ಮಗಳಿಗೆ ಜ್ವರ ಬಿಡದೆ ಹತ್ತು ದಿನ ಕಾಡಿದಾಗ, ಅವಳು ಯಾರ ಮುಂದೆಯೂ ಅಳಲಿಲ್ಲ. ಅಂಗಡಿಗೆ ಹೋಗಿ ಮೂರನೆಯ ಹಾಡು ಕೇಳಿ ಬರುತ್ತಿದ್ದಳು. "ದೊಡ್ಡಣ್ಣನ ಹತ್ರ ಹೇಳ್ಕೊಂಡೆ" ಅನ್ನುತ್ತಿದ್ದಳು. ಆಗ ಅಮ್ಮನೂ ತಮಾಷೆ ಮಾಡುತ್ತಿರಲಿಲ್ಲ.

ಅಣ್ಣಂದಿರಿಂದ ಅವಳಿಗೆ ಇನ್ನೊಂದು ಉಪಕಾರ ಇತ್ತು. ಒಳಕೋಣೆಯಲ್ಲಿ ಗಡಿಯಾರ ಇರಲಿಲ್ಲ, ಅಣ್ಣಂದಿರೇ ಗಡಿಯಾರ. ಹಾಡು ಶುರುವಾದಾಗ ಮೊದಲ ಅಂಗಿ ತೊಡೆಯ ಮೇಲೆ. ಕ್ಯಾಸೆಟ್ಟಿನ ಒಂದು ಮಗ್ಗುಲು ಮುಗಿಯುವುದರೊಳಗೆ ಎರಡು ಅಂಗಿ, ಅಂದರೆ ಹದಿನಾಲ್ಕು ಕಾಜಾ. ಹದಿನಾಲ್ಕನೆಯದಕ್ಕೆ ಗಂಟು ಹಾಕಿ ದಾರ ಕಚ್ಚಿ ತುಂಡರಿಸುವುದಕ್ಕೂ, ಮೇಲೆ ಟೇಪ್ ರೆಕಾರ್ಡರಿನ ಗುಂಡಿ ಟಕ್ ಅಂತ ಹಾರುವುದಕ್ಕೂ ಸರಿಹೋಗುತ್ತಿತ್ತು. ಇಪ್ಪತ್ತೈದು ವರ್ಷ ಹೀಗೆ. ಕನ್ನಡಿ ನೋಡಿ ವಯಸ್ಸು ತಿಳಿದುಕೊಳ್ಳುವವರು ಇದ್ದಾರೆ. ನಮ್ಮ ದೊಡ್ಡಮ್ಮ ತಿಳಿದುಕೊಳ್ಳುತ್ತಿದ್ದದ್ದು ಆ ಟಕ್ ಸದ್ದಿನಿಂದ. ತಲೆ ನರೆಯಿತು, ಹಲ್ಲು ಎರಡು ಹೋದವು. ಹದಿನಾಲ್ಕು ಹದಿನಾಲ್ಕಾಗಿಯೇ ಇತ್ತು.

ಹೀಗಿರುವಾಗ ಟೇಪ್ ರೆಕಾರ್ಡರಿನ ಗುಂಡಿ ಸವೆದುಹೋಯಿತು. ಒತ್ತಿದರೆ ನಿಲ್ಲುತ್ತಿರಲಿಲ್ಲ. ಸ್ವಲ್ಪ ದಿನ ದಾರದ ಉಂಡೆ ಸಿಕ್ಕಿಸಿ ನಡೆಸಿದಳು. ಆಮೇಲೆ ಮಾಸ್ತರು ಅದನ್ನು ಮುಂದಿನ ಬೀದಿಯ ರೇಡಿಯೋ ರಿಪೇರಿಯವನಿಗೆ ಕೊಟ್ಟರು. ಶನಿವಾರ ಸಂಜೆ, ದೊಡ್ಡಮ್ಮ ಮನೆಗೆ ಹೋದ ಮೇಲೆ, ಅವನು ತಂದು ಇಟ್ಟುಹೋದ.

ಮತ್ತೆ ಆ ಸೋಮವಾರ. ಗುಂಡಿ ಗಟ್ಟಿಯಾಗಿ ನಿಂತಿತು. ಹಾಡು ಶುರುವಾಯಿತು. ದೊಡ್ಡಮ್ಮ ಸೂಜಿ ಹಿಡಿದಳು. ಏಕೋ ದೊಡ್ಡಣ್ಣನ ದನಿ ತೆಳ್ಳಗೆ ಕೇಳಿಸಿತು. ನೆಗಡಿ ಆದವರ ಹಾಗೆ. ತನ್ನ ಕಿವಿಯನ್ನು ಒಮ್ಮೆ ಕಿರುಬೆರಳಿನಿಂದ ತಿರುವಿಕೊಂಡು ಮುಂದುವರಿಸಿದಳು. ಮೂರನೆಯ ಹಾಡು ಬರುವಾಗ ಐದನೆಯ ಕಾಜಾದಲ್ಲಿ ಇರಬೇಕಾದವಳು ನಾಲ್ಕನೆಯದರಲ್ಲೇ ಇದ್ದಳು. ಬೆವರಿದಳು. ಕೊನೆಗೆ ಟಕ್ ಅಂದಾಗ ಕೈಯಲ್ಲಿ ಹನ್ನೆರಡನೆಯ ಕಾಜಾ, ಅದೂ ಅರ್ಧಕ್ಕೆ. ಸೂಜಿಯಲ್ಲಿ ದಾರ ಜೋತಾಡುತ್ತಿತ್ತು.

ಕೈ ಹೋಯಿತು. ಕಿವಿಯೂ ಹೋಯಿತು. ಎರಡೂ ಒಟ್ಟಿಗೆ. ದೊಡ್ಡಮ್ಮ ಅಂಗಿ ಮಡಚಿಟ್ಟು, ಕಿಟಕಿಯ ಆಚೆ ಸುಮ್ಮನೆ ನೋಡುತ್ತಾ ಕೂತಳಂತೆ. ಮಾಸ್ತರಿಗೆ ಹೇಳಲಿಲ್ಲ. ಮಾಸ್ತರಿಗೋ, ತಮ್ಮ ಮಷೀನಿನ ಸದ್ದಿನಲ್ಲಿ ಎಲ್ಲ ಹಾಡೂ ಒಂದೇ.

ಅವತ್ತು ಸಂಜೆ ನಮ್ಮ ಮನೆಗೆ ಬಂದವಳು ಮೆಟ್ಟಿಲನ್ನು ಕಂಬಿ ಹಿಡಿದು ಹತ್ತಿದಳು. ಅಮ್ಮ ಗಾಬರಿಯಾದಳು. ದೊಡ್ಡಮ್ಮ ಕೂತು, ಸೆರಗಿನಲ್ಲಿ ಮುಖ ಒರೆಸಿಕೊಂಡು, "ನನ್ನ ಮಾತು ನಿಂಗೆ ಮೊದ್ಲಿನ ಹಾಗೇ ಕೇಳಿಸುತ್ತಾ?" ಅಂತ ಕೇಳಿದಳು.

"ಕೇಳಿಸುತ್ತೆ. ಕೆಳಗಿನ ಮನೆಯೋರಿಗೂ ಕೇಳಿಸುತ್ತೆ. ಯಾಕಕ್ಕಾ?"

"ಏನಿಲ್ಲ ಬಿಡು."

ಗುರುವಾರ ಹನ್ನೆರಡು ಪೂರ್ತಿ ಮಾಡಿದಳು. ಮುಂದಿನ ಸೋಮವಾರ ಹಲ್ಲು ಕಚ್ಚಿಕೊಂಡು, ಬೆರಳಿಗೆ ಎರಡು ಸಲ ಚುಚ್ಚಿಕೊಂಡು, ಹನ್ನೆರಡೂವರೆ. ಹದಿನಾಲ್ಕು ಮಾತ್ರ ದೂರವೇ ಉಳಿಯಿತು. ಅಣ್ಣಂದಿರು ತನ್ನನ್ನು ಹಿಂದೆ ಬಿಟ್ಟು ಓಡುತ್ತಿದ್ದಾರೆ ಅನ್ನಿಸಿತಂತೆ. "ಸ್ವಂತ ಅಣ್ಣಂದಿರಾಗಿದ್ರೆ ನಿಲ್ತಿದ್ರೇನೋ" ಅಂತ ಆಮೇಲೆ ನಮ್ಮ ಹತ್ತಿರ ಹೇಳಿಕೊಂಡಳು.

ಅದೇ ಸೋಮವಾರ ಮಧ್ಯಾಹ್ನ ಶಾಲೆಯಿಂದ ಇನ್ನೂರು ಅಂಗಿಯ ಕೆಲಸ ಬಂತು. ಪ್ರತಿ ವರ್ಷ ಬರುತ್ತಿತ್ತು. ಈಚೆಗೆ ಪ್ರತಿ ಸಲವೂ ಮಾಸ್ತರು ಸೂಜಿ ತೆಗೆದು ಒಂದೇ ಪ್ರಶ್ನೆ ಕೇಳುತ್ತಿದ್ದರು: "ಕಾಜಾ ನೀನೇ ಹಾಕ್ತೀಯೋ, ಎದುರಿನ ಮಷೀನಿಗೆ ಕೊಡ್ಲೋ?" ರಸ್ತೆಯ ಆಚೆ ಕಾಜಾ ಹಾಕುವ ಮಷೀನಿನ ಅಂಗಡಿ ಬಂದು ನಾಲ್ಕು ವರ್ಷವಾಗಿತ್ತು. ಅದು ಪ್ರಶ್ನೆಯಲ್ಲ, ದೊಡ್ಡಮ್ಮನನ್ನು ಕೆಣಕುವ ಆಟ. ಅವಳು "ಮಷೀನಿನ ಕಾಜಾನಾ? ಮಗು ಒಂದ್ಸಲ ಕುಣಿದ್ರೆ ಬಾಯಿ ಬಿಟ್ಕೊಳ್ಳುತ್ತೆ! ಕೊಡಿ ಇಲ್ಲಿ" ಅಂತ ಕಿತ್ತುಕೊಳ್ಳುತ್ತಿದ್ದಳು.

ಈ ಸಲ ಅವಳು ತಲೆ ಎತ್ತಲಿಲ್ಲ. "ಮಷೀನಿಗೇ ಕೊಡಿ ಮಾಸ್ತರೇ. ಬರೋ ತಿಂಗಳಿಂದ ನಾನೂ ಬರಲ್ಲ."

ಮಾಸ್ತರು ಸೂಜಿಗಳನ್ನು ಮತ್ತೆ ಬಾಯಿಗೆ ಇಟ್ಟುಕೊಂಡರು. ಮಗಳ ಮನೆಗೆ ಹೋಗಿ ಇರುವ ಆಸೆಯೇನೋ, ಮೂವತ್ತು ವರ್ಷ ದುಡಿದವಳು, ಕೆದಕಬಾರದು ಅಂದುಕೊಂಡರು. ಅವಳೋ, ಮಾಸ್ತರು ಒಂದು ಮಾತು "ಯಾಕೆ" ಅಂತಲೂ ಕೇಳಲಿಲ್ಲವಲ್ಲ, ಇವರಿಗೂ ನನ್ನ ಕೈ ನಿಧಾನವಾದದ್ದು ಕಂಡಿದೆ ಅಂದುಕೊಂಡಳು. ಒಬ್ಬರ ಮರ್ಯಾದೆ ಒಬ್ಬರು ಕಾಪಾಡುತ್ತಾ ಇಬ್ಬರೂ ಮುಖ ಸಪ್ಪೆ ಮಾಡಿಕೊಂಡು ಮೂರು ದಿನ ಕಳೆದರು. ಗುರುವಾರದ ಹೊತ್ತಿಗೆ ಮೊದಲ ಐವತ್ತು ಅಂಗಿಯ ಗಂಟು ಕಟ್ಟಿ ಬಾಗಿಲ ಬಳಿ ಇಟ್ಟಾಗಿತ್ತು. ಶುಕ್ರವಾರ ಬೆಳಿಗ್ಗೆ ಅದು ರಸ್ತೆ ದಾಟಬೇಕು.

ಗುರುವಾರ ದೊಡ್ಡಮ್ಮ ಕೊನೆಯ ಸಲವೆಂದು ಕ್ಯಾಸೆಟ್ ಹಾಕಿದಳು. ಬೀಳ್ಕೊಡುವಾಗಲಾದರೂ ಅಣ್ಣಂದಿರ ಮುಂದೆ ತಲೆ ತಗ್ಗಿಸಬಾರದು ಅಂತ ಹಟ. ಉಸಿರು ಬಿಗಿಹಿಡಿದು ಹೊಲಿದಳು. ಹದಿಮೂರನೆಯದಕ್ಕೆ ಗಂಟು ಹಾಕುವಾಗ ಟಕ್.

"ಹದಿಮೂರು" ಅಂತ ಅವಳು ಹೇಳಿದ್ದೂ, ಪರದೆಯ ಆಚೆ ರೇಡಿಯೋ ರಿಪೇರಿಯವನು ಒಂದು ಪ್ಯಾಂಟು ಹಿಡಿದುಕೊಂಡು ಬಂದದ್ದೂ ಒಟ್ಟಿಗೇ ಆಯಿತು. ಪ್ಯಾಂಟಿನ ಉದ್ದ ಎರಡು ಬೆರಳು ಕಮ್ಮಿ ಮಾಡಬೇಕಿತ್ತು. ಅವನು ಪರದೆ ಸರಿಸಿ ಇಣುಕಿದ.

"ಏನಕ್ಕಾ, ಈಗ ಸರಿಯಾಗಿ ಓಡ್ತಿದೆಯಾ?"

"ಯಾವುದಪ್ಪಾ? ಗುಂಡಿನಾ? ಗಟ್ಟಿಯಾಗಿದೆ."

"ಗುಂಡಿ ಬಿಡಿ. ಓಟ ಹೇಗಿದೆ ಅಂತ. ನಿಮ್ಮ ಹತ್ರ ಬರೋಕೆ ಮುಂಚೆಯೇ ಯಾರೋ ಒಳಗೆ ಯಾವುದೋ ದೊಡ್ಡ ಮಷೀನಿನ ರಬ್ಬರ್ ಬೆಲ್ಟ್ ಹಾಕಿಟ್ಟಿದ್ರು, ಜೋಲುಬಿದ್ದಿತ್ತು. ಚಕ್ರ ಜಾರಿ ಜಾರಿ ತಿರುಗ್ತಿತ್ತು. ಹಾಡು ತೆವಳ್ತಿತ್ತಲ್ಲ! ಅದನ್ನೂ ಬದಲಾಯಿಸಿದೆ. ಮಾಸ್ತರಿಗೆ ಅವತ್ತೇ ಹೇಳಿದ್ನಲ್ಲ?"

ದೊಡ್ಡಮ್ಮ ಮಾಸ್ತರನ್ನು ನೋಡಿದಳು. ಮಾಸ್ತರು ಬಾಯಿಂದ ಸೂಜಿ ತೆಗೆದರು, ಒಂದೊಂದೇ, ಒಟ್ಟು ಐದು.

"ಹೇಳಿದ್ದ" ಅಂದರು. "ಸೂಜಿ ಬಾಯಲ್ಲಿತ್ತು. ಹ್ಞೂಂ ಅಂದಿದ್ದೆ."

"ತೆವಳ್ತಿತ್ತು ಅಂದ್ರೆ?" ದೊಡ್ಡಮ್ಮ ಎದ್ದು ನಿಂತಳು. ಸ್ಟೂಲು ಬಿತ್ತು.

"ಅಂದ್ರೆ ಅರ್ಧ ಗಂಟೇಲಿ ಮುಗೀಬೇಕಾದ್ದು ಮೂವತ್ತಾರು ನಿಮಿಷ ಎಳೀತಿತ್ತು ಅಕ್ಕಾ. ಗಡಿಯಾರ ಇಟ್ಟು ನೋಡಿದೀನಿ."

ದೊಡ್ಡಮ್ಮ ಓದಿದ್ದು ಐದನೆಯ ತರಗತಿ. ಆದರೆ ಕಾಜಾದ ಲೆಕ್ಕ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೂವತ್ತಾರು ನಿಮಿಷಕ್ಕೆ ಹದಿನಾಲ್ಕು ಹಾಕುತ್ತಿದ್ದ ಕೈ, ಅರ್ಧ ಗಂಟೆಗೆ ಹನ್ನೊಂದೂವರೆ ಹಾಕಿದರೆ ಅದು ಅದೇ ಕೈ. ಮತ್ತೆ ಇವತ್ತು ಹದಿಮೂರು. ಅಂದರೆ, ಇಪ್ಪತ್ತೇಳರ ಪ್ರಾಯದಲ್ಲೂ ಹಾಕದಷ್ಟು ಬೇಗ ಇವತ್ತು ಹಾಕಿದ್ದಾಳೆ.

"ಮಾಸ್ತರೇ, ಆ ಗಂಟು ಬಿಚ್ಚಿ."

"ಯಾವ ಗಂಟು?"

"ಬಾಗಿಲ ಹತ್ರ ಇಟ್ಟಿದ್ದೀರಲ್ಲ, ಆ ಐವತ್ತು ಅಂಗಿ! ಮಷೀನಿಗಂತೆ, ಮಷೀನಿಗೆ! ಮಗು ಒಂದ್ಸಲ ಕುಣಿದ್ರೆ ಬಾಯಿ ಬಿಟ್ಕೊಳ್ಳುತ್ತೆ!"

"ನೀನೇ ಹೇಳಿದ್ಯಲ್ಲಮ್ಮ ಕೊಡಿ ಅಂತ!"

"ನಾನು ಹೇಳ್ತೀನಿ. ನೀವು ಯಾಕೆ ಅಂತ ಕೇಳ್ಬೇಕೋ ಬೇಡ್ವೋ?"

ಮಾಸ್ತರು ಗಂಟು ಬಿಚ್ಚಿದರು. ಬಿಚ್ಚುವಾಗ ಅವರು ಯಾವುದೋ ಹಾಡು ಗುನುಗುತ್ತಿದ್ದರು ಅಂತ ರಿಪೇರಿಯವನು ನನ್ನ ಹತ್ತಿರ ಹೇಳಿದ್ದಾನೆ. ಮಾಸ್ತರು ಮಾತ್ರ ಇವತ್ತಿಗೂ ಒಪ್ಪುವುದಿಲ್ಲ.

ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. ಸ್ಟೂಲು ಎತ್ತಿ ಮತ್ತೆ ಕೂತ ಮೇಲೆ ದೊಡ್ಡಮ್ಮನ ಮುಖ ಬಾಡಿತು. "ಹಾಗಾದ್ರೆ ದೊಡ್ಡಣ್ಣನ ದನಿ?" ಅಂದಳು. "ಅವನಿಗೆ ನೆಗಡಿ ಅಲ್ವಾ?"

"ಯಾವ ದೊಡ್ಡಣ್ಣ?"

ಮಾಸ್ತರು ಹಲಗೆಯ ಕಡೆ ಬೆರಳು ತೋರಿಸಿದರು. ರಿಪೇರಿಯವನು ಕ್ಯಾಸೆಟ್ ಹಿಂದಕ್ಕೆ ಓಡಿಸಿ ಮೂರನೆಯ ಹಾಡು ಹಾಕಿದ, ತಲೆ ಓರೆ ಮಾಡಿ ಕೇಳಿದ.

"ಅಣ್ಣ ಎಲ್ಲಿ ಅಕ್ಕಾ? ಇವರು ಹೆಂಗಸ್ರು. ಅಕ್ಕತಂಗೀರು ಇರಬೇಕು. ಒಬ್ಬರದು ಸ್ವಲ್ಪ ದಪ್ಪ ಗಂಟಲು, ಅಷ್ಟೆ. ಟೇಪು ತೆವಳಿದ್ರೆ ಹೆಣ್ಣು ದನಿನೂ ಗಂಡಸಿನ ಹಾಗೆ ದಪ್ಪ ಆಗುತ್ತೆ."

ದೊಡ್ಡಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಕೇಳಿದಳು. ನಂಬಲಿಲ್ಲ. ರಿಪೇರಿಯವನು ತನ್ನ ಅಂಗಡಿಗೆ ಹೋಗಿ ಹಳೆಯ ಬೆಲ್ಟ್ ತಂದ. ಅದನ್ನು ಅವನು ಸ್ಕ್ರೂಡ್ರೈವರುಗಳ ಕಟ್ಟಿಗೆ ಸುತ್ತಿಟ್ಟಿದ್ದ. ಬಿಚ್ಚಿ, ಹಾಕಿ, ಅದೇ ಹಾಡನ್ನು ಮತ್ತೆ ಶುರುಮಾಡಿದ. ಹಂಡೆ ಎಳೆದ ಹಾಗೆ ಆ ಭಾರದ ದನಿ ಕೋಣೆಗೆ ವಾಪಸು ಬಂತು.

"ಇವನೇ" ಅಂದಳು ದೊಡ್ಡಮ್ಮ. ಕಣ್ಣು ತುಂಬಿತ್ತು. "ಇವನೇ ನಮ್ಮ ದೊಡ್ಡಣ್ಣ."

"ಬೇಕಾದ್ರೆ ಇದನ್ನೇ ಬಿಟ್ಟುಬಿಡ್ತೀನಿ ಅಕ್ಕಾ" ಅಂದ ರಿಪೇರಿಯವನು ಮೆತ್ತಗೆ. "ಇನ್ನೂ ಐದಾರು ವರ್ಷ ತೆವಳುತ್ತೆ. ನಿಮ್ಮಿಷ್ಟ."

ಹಳೆಯ ಬೆಲ್ಟ್ ಇದ್ದರೆ ಅಣ್ಣಂದಿರು, ಹದಿನಾಲ್ಕು ಕಾಜಾ, ಎಲ್ಲ ಮೊದಲಿನ ಹಾಗೆ. ಹೊಸದಾದರೆ ಯಾರೋ ಗುರುತಿಲ್ಲದ ಇಬ್ಬರು ಹೆಂಗಸರು. ದೊಡ್ಡಮ್ಮ ಮೂರನೆಯ ಹಾಡು ಮುಗಿಯುವ ತನಕ ಕೇಳಿದಳು. ಕೈಯಲ್ಲಿ ಸೂಜಿ ಇಲ್ಲದೆ ಅವಳು ಅದನ್ನು ಕೇಳಿದ್ದು ಅದೇ ಮೊದಲಂತೆ. ಆಮೇಲೆ ಮೂಗು ಸೀಟಿಕೊಂಡು ಹೇಳಿದಳು:

"ಬೇಡಪ್ಪಾ. ಹೊಸದೇ ಹಾಕು. ಪಾಪ, ಗಂಟಲು ಹರ್ಕೊಂಡು ಹಾಡಿರೋ ಆ ಹೆಣ್ಣುಮಕ್ಕಳನ್ನ ಇಪ್ಪತ್ತೈದು ವರ್ಷ ಗಂಡಸ್ರು ಮಾಡಿ ಕೂರಿಸಿದ್ದೀನಿ. ಇನ್ನೂ ಕೂರಿಸಿದ್ರೆ ಚೆನ್ನಾಗಿರುತ್ತಾ?"

ಆಗ ಮಾಸ್ತರು ನಗಲು ಶುರುಮಾಡಿದರು. ಸೂಜಿ ಇಲ್ಲದ ಬಾಯಿ, ಪೂರ್ತಿ ನಗು. "ಮೊದಲ್ನೇ ದಿನವೇ ನಿನ್ನ ಕೈ ಹೇಳಿತ್ತಲ್ಲಮ್ಮ" ಅಂದರು. "ಏಳಕ್ಕೆ ಏಳೂ ಬಲಮಗ್ಗುಲಿಗೆ ಹಾಕಿದ್ದೆ. ಹೆಂಗಸ್ರ ಕಡೆಗೆ. ಕಿವಿಗೆ ತಿಳೀದೆ ಇದ್ದದ್ದು ಕೈಗೆ ತಿಳಿದಿತ್ತು. ನಾನು ಸುಮ್ನೆ ಬೈದೆ."

ಇನ್ನೂರು ಅಂಗಿಗೂ ದೊಡ್ಡಮ್ಮನೇ ಕಾಜಾ ಹಾಕಿದಳು. ಹದಿನಾಲ್ಕು ಮುಟ್ಟಿದಳೋ ಇಲ್ಲವೋ ಅಂತ ಕೇಳಿದರೆ, ಅವಳು ಮುಟ್ಟಿದೆ ಅನ್ನುತ್ತಾಳೆ. ಮಾಸ್ತರನ್ನು ಕೇಳಿದರೆ "ಹ್ಞೂಂ" ಅನ್ನುತ್ತಾರೆ. ಹಳೆಯ ಬೆಲ್ಟ್ ಅವಳ ದಾರದ ಡಬ್ಬಿಯ ಮೇಲೇ ಇದೆ, ಮುಚ್ಚಳ ಬೀಳದ ಹಾಗೆ ಸುತ್ತಿಕೊಂಡು. ಮೊನ್ನೆ ಅಂಗಡಿಗೆ ಹೋದಾಗ, ಇದನ್ನೆಲ್ಲ ಬರೆಯಬೇಕೆಂಬ ಆಸೆಯಿಂದ, ಕೇಳಿದೆ.

"ದೊಡ್ಡಮ್ಮಾ, ನಿನ್ನ ಆ ಹಾಡಿನೋರು ನಿಂಗೆ ಮೊದಲು ಸಿಕ್ಕಿದ್ದು ಹೇಗೆ ಅಂತ ಇನ್ನೊಂದ್ಸಲ ಹೇಳು."

"ಯಾರು? ಅಣ್ಣಂದಿರಾ, ಅಕ್ಕತಂಗೀರಾ?"

"ಇಬ್ಬರದೂ ಹೇಳು."

"ಹಾಗಾದ್ರೆ ಕೂತ್ಕೋ, ಹೊತ್ತಾಗುತ್ತೆ" ಅಂದು, ಸೂಜಿ ಮತ್ತು ದಾರವನ್ನು ನನ್ನ ಕೈಗೆ ಕೊಟ್ಟಳು. "ಮೊದ್ಲು ಇದನ್ನ ಪೋಣಿಸಿ ಕೊಡು. ಕೈಗೇನೂ ವಯಸ್ಸಾಗಿಲ್ಲ. ಕಣ್ಣಿನ ವಿಷಯ ಮಾಸ್ತರಿಗೆ ಹೇಳ್ಬೇಡ."